ಸುಟ್ಟ ಜಾಗದ ತೆಂಗು

ಅಬ್ಬಿಯನ್ನು ಸುಟ್ಟ ಜಾಗದಲ್ಲಿ ತೆಂಗಿನ ಸಸಿ ನೆಟ್ಟದ್ದು ಬೊಜ್ಜ ಕಳೆದ ಮರುದಿನ ಬೆಳಿಗ್ಗೆ. ನಮ್ಮ ಕಡೆ ತಾಯಿಯನ್ನು ಅಬ್ಬಿ ಎನ್ನುತ್ತೇವೆ. ಬೊಜ್ಜವೆಂದರೆ ಸತ್ತವರ ಕೊನೆಯ ಕ್ರಿಯೆ, ನೆಂಟರು ಉಂಡು ಕೈ ತೊಳೆದು ಹೊರಡುವ ದಿನ. ಅವರೆಲ್ಲ ಹೋದ ಮೇಲೆ ಮನೆಯಲ್ಲಿ ಉಳಿದವರು ಕೆಲವರೇ: ಅಬ್ಬಿಯ ತಾಯಿ ಅಮ್ಮಮ್ಮ, ಅಬ್ಬಿಯ ಅಣ್ಣ ನಮ್ಮ ಮಾವ, ನಾನು, ನನ್ನ ತಮ್ಮ. ಅಪ್ಪಯ್ಯ ಬೊಂಬಾಯಿಯ ಹೋಟೆಲಿನಲ್ಲಿ ದುಡಿಯುತ್ತಿದ್ದರು. ಬಂದಷ್ಟೇ ಬೇಗ ಹಿಂದೆ ಹೋದರು. ಮದರಾಸು ರಾಜ್ಯ ಬಿಟ್ಟು ನಾವು ಮೈಸೂರು ರಾಜ್ಯಕ್ಕೆ ಸೇರಿದೆವೆಂದು ಶಾಲೆಯ ಮೇಷ್ಟ್ರು ಗೋಡೆಯ ನಕಾಶೆ ಬದಲಿಸಿದ ಮರುವರ್ಷ ಅದು. ನಾನು ಐದನೇ ಕ್ಲಾಸಿನಲ್ಲಿದ್ದೆ. ತಮ್ಮನಿಗೆ ನಾಲ್ಕು ತುಂಬಿತ್ತು. ಅಬ್ಬಿ ಎಲ್ಲಿ ಎಂದು ಕೇಳುವುದನ್ನು ಅವನು ಇನ್ನೂ ನಿಲ್ಲಿಸಿರಲಿಲ್ಲ.

ಮನೆಯ ಹಿಂದೆ, ಹಾಡಿಗೆ, ಅಂದರೆ ಕುರುಚಲು ಕಾಡಿಗೆ, ಹತ್ತುವ ಕೆಂಪು ಮಣ್ಣಿನ ಇಳಿಜಾರಿನಲ್ಲಿ ನಮ್ಮ ಮನೆಯವರನ್ನು ಸುಡುವುದು. ಅಬ್ಬಿಗಾಗಿ ಮಾವಿನ ಮರವೊಂದನ್ನು ಕಡಿದಿದ್ದರು. ಬೂದಿಯಿಂದ ಎಲುಬು ಆಯ್ದು ನೀರಿಗೆ ಬಿಟ್ಟ ಮೇಲೆ ಉಳಿದದ್ದನ್ನು ಮಣ್ಣಿನೊಂದಿಗೆ ಸೇರಿಸಿ ದಿಬ್ಬ ಕಟ್ಟುತ್ತಾರೆ. ಆ ದಿಬ್ಬಕ್ಕೆ ದೂಪೆ ಎಂದು ಹೆಸರು. ಅದರ ನಡುವೆ ಸಸಿ ನೆಡಲು ಮಾವ ಗುಂಡಿ ತೋಡುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಮೇಲೆ ಬೂದಿ, ಕೆಳಗೆ ಹಂಚಿನ ಬಣ್ಣಕ್ಕೆ ತಿರುಗಿದ ಮಣ್ಣು. ಗುದ್ದಲಿ ಬಿದ್ದಾಗೆಲ್ಲ ಹಂಚು ಒಡೆದ ಸದ್ದು. ನಮ್ಮ ಹಿತ್ತಿಲಿನಲ್ಲಿ ಎಲ್ಲಿ ಕೆದಕಿದರೂ ಒಂದು ಎರೆಹುಳ, ನಾಲ್ಕು ಇರುವೆ, ಯಾವುದೋ ಬಳ್ಳಿಯ ಬೇರು ಸಿಗುತ್ತಿತ್ತು. ಅಲ್ಲಿ ಏನೂ ಇರಲಿಲ್ಲ. ಅಗೆದ ಮಣ್ಣಿನಲ್ಲಿ ಒಂದು ಜೀವವೂ ಅಲುಗಾಡದೆ ಇರುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ತಮ್ಮನ ಕೈ ಬಿಗಿಯಾಗಿ ಹಿಡಿದುಕೊಂಡೆ.

ಸಸಿ ನಮ್ಮ ಬಾವಿಕಟ್ಟೆಯ ಹಿರಿಯ ತೆಂಗಿನದು. ಆ ಮರದ ಬುಡದಲ್ಲಿ ಕೂತು ಅಬ್ಬಿ ಪಾತ್ರೆ ತೊಳೆಯುತ್ತಿದ್ದಳು. ಮಳೆಗಾಲಕ್ಕೆ ಮೊದಲು ಅವಳೇ ಎರಡು ಕಾಯಿ ಆರಿಸಿ ಮೊಳಕೆಗೆ ಇಟ್ಟಿದ್ದಳು. ಒಂದನ್ನು ಮಾವ ದನದ ಹಟ್ಟಿಯ ಹಿಂದೆ ನೆಟ್ಟರು. ಇನ್ನೊಂದು ಅವಳ ದೂಪೆಗೇ ಬಂತು.

ಅದೇ ದಿನ ಸಂಜೆ ಕೆಳಮನೆಯ ದೊಡ್ಡಮ್ಮ ಎಲೆಯಡಿಕೆ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದಳು. ನೆರೆಮನೆಯವಳು, ನಮಗೆ ಸಂಬಂಧವೇನಲ್ಲ. ಊರಿನ ಮಕ್ಕಳೆಲ್ಲ ಹಾಗೆ ಕರೆಯುತ್ತಿದ್ದರು.

"ಸಸಿ ಹಿಡಿದ್ರೆ ಒಳ್ಳೇದ್," ಎಂದಳು. "ಹಿಡೀದೆ ಒಣಗಿದ್ರೆ ಮಾತ್ರ ಕಷ್ಟ. ಹೋದವ್ರಿಗ್ ಒಬ್ಬರೇ ಇಪ್ಪುಕೆ ಆತಿಲ್ಲ ಅಂಬ್ರ್. ಮನಿಯಿಂದ ಇನ್ನೊಬ್ರನ್ನ್ ಕರೀತ್ರ್. ಅದೂ ಸಣ್ಣವ್ರನ್ನೇ."

"ಹ್ವಾಯ್ ದೊಡ್ಡಮ್ಮ," ಎಂದರು ಮಾವ, "ನಿಮ್ಮನಿ ತೋಟದ ಸಸಿ ವರ್ಷಾ ವರ್ಷಾ ಒಣಗುದ್ ಕಂಡಿದೆ. ಹಂಗಾರೆ ನಿಮ್ಮನಿ ಇಷ್ಟೊತ್ತಿಗೆ ಖಾಲಿ ಆಯ್ಕಿತ್ತ್."

"ನಮ್ಮನಿ ಸಸಿ ಯಾರನ್ನೂ ಸುಟ್ಟ ಜಾಗಕ್ಕೆ ನೆಟ್ಟದ್ದಲ್ಲ ಮಾರಾಯಾ," ಎಂದು ಅವಳು ಬಾಯಿಯ ಎಲೆ ಉಗಿದು ಎದ್ದಳು.

ಮಾವ ನಕ್ಕರು. ಅಮ್ಮಮ್ಮ ನಗಲಿಲ್ಲ. ಅವಳು ತಮ್ಮನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಮನೆಯಲ್ಲಿ ಎಲ್ಲರಿಗಿಂತ ಸಣ್ಣವನು ಅವನೇ.

ಅಂದಿನಿಂದ ಆ ಸಸಿ ಅಮ್ಮಮ್ಮನ ಪಾಲಿಗೆ ಸಸಿಯಾಗಿ ಉಳಿಯಲಿಲ್ಲ. ಅದನ್ನು ನೋಡಿಕೊಳ್ಳಲು ಅವಳು ಸುತ್ತ ಸೌದೆಯ ಬೇಲಿ ಹಾಕಿಸಿ, ಒಂದು ಕ್ರಮ ಕಟ್ಟಿದಳು. ದೂಪೆಗೆ ದನ ಏರಬಾರದು, ಕೋಳಿ ಕೆದಕಬಾರದು, ಮಕ್ಕಳು ಕಾಲಿಡಬಾರದು. ಹುಲ್ಲು ಹುಟ್ಟಿದರೆ ಬೇರುಸಹಿತ ಕೀಳಬೇಕು. ಮುಖ್ಯವಾದದ್ದು ಇನ್ನೊಂದು. ಊರವರು ತುಳಿದ ಮಣ್ಣು, ಎಂಜಲು ಬಿದ್ದ ಮಣ್ಣು, ಹಟ್ಟಿಯ ಗೊಬ್ಬರ ಯಾವುದೂ ಅಲ್ಲಿಗೆ ಹೋಗಬಾರದು. ಬೆಂಕಿ ಕಂಡದ್ದು ಮಾತ್ರ ಶುದ್ಧ, ಹಾಗಾಗಿ ಒಲೆಯ ಬೂದಿ ಮತ್ತು ಸುಡುಮಣ್ಣು, ಎರಡೇ. ನೀರು ನಾನು ಹೊರುತ್ತಿದ್ದೆ. ಅದನ್ನೂ ಬಾವಿಯಿಂದ ಸೇದಿದ ಕೊಡದಲ್ಲೇ ಒಯ್ಯಬೇಕು, ನೆಲಕ್ಕೆ ಇಳಿಸಬಾರದು.

ಸುಡುಮಣ್ಣು ಮಾಡುವುದರಲ್ಲಿ ನಮ್ಮ ಮನೆಗೆ ಹೆಸರಿತ್ತು. ಬೇಸಗೆಯಲ್ಲಿ ಒಣಗಿದ ಎಲೆ, ಕಡ್ಡಿ, ಹುಲ್ಲು ರಾಶಿ ಹಾಕಿ, ಮೇಲೆ ಮಣ್ಣು ಮುಚ್ಚಿ, ಬುಡದಿಂದ ಬೆಂಕಿ ಕೊಡುತ್ತಾರೆ. ಉರಿಯಲು ಬಿಡುವುದಿಲ್ಲ. ದಿನಗಟ್ಟಲೆ ಒಳಗೊಳಗೇ ಹೊಗೆಯಾಡಿ ಮಣ್ಣು ಕಪ್ಪಾಗಿ ಹುಡಿಯಾಗುತ್ತದೆ. ಅದನ್ನು ಭತ್ತದ ಸಸಿಮಡಿಗೆ, ಬೆಂಡೆ ಸಾಲಿಗೆ, ಬಸಳೆಯ ಬುಡಕ್ಕೆ ಹಾಕಿದರೆ ಎಲೆಯ ಬಣ್ಣವೇ ಬೇರೆಯಾಗುತ್ತಿತ್ತು. ಅಮ್ಮಮ್ಮನ ಬಸಳೆಯ ದಂಟು ನೋಡಲು ಬೈಲಿನ ಹೆಂಗಸರು ಬರುತ್ತಿದ್ದರು. ಆದ್ದರಿಂದ ಅವಳು ಅಬ್ಬಿಯ ಸಸಿಗೆ ಮನೆಯಲ್ಲಿದ್ದ ಅತ್ಯುತ್ತಮವಾದದ್ದನ್ನೇ ಕೊಡುತ್ತಿದ್ದಳು. ಅದರಲ್ಲಿ ಯಾರಿಗೂ ಸಂಶಯವಿರಲಿಲ್ಲ.

ಮೊದಲ ವರ್ಷ ಸಸಿ ಚೆನ್ನಾಗಿಯೇ ಇತ್ತು. ಒಂದೊಂದಾಗಿ ಎಲೆ ಬಿಟ್ಟಿತು. ಅಮ್ಮಮ್ಮನ ಮುಖ ಸ್ವಲ್ಪ ಸಡಿಲವಾಯಿತು. ಅಬ್ಬಿ ತೀರಿದ ವರ್ಷಾಂತದ ದಿನ ಅವಳು ದೂಪೆಯ ಹತ್ತಿರ ಕೂತು, ಸೆರಗಿನಿಂದ ಸಸಿಯ ಎಲೆ ಒರೆಸಿದಳು. ಮಳೆ ಬಂದು ತೊಳೆದ ಎಲೆ, ಒರೆಸಲು ಅದರಲ್ಲಿ ಏನೂ ಇರಲಿಲ್ಲ.

ಎರಡನೆಯ ಮಳೆಗಾಲ ಮುಗಿಯುವ ಹೊತ್ತಿಗೆ ಸಸಿ ನಿಂತುಬಿಟ್ಟಿತು.

ಒಣಗಲಿಲ್ಲ. ಬೆಳೆಯಲೂ ಇಲ್ಲ. ಹಟ್ಟಿಯ ಹಿಂದಿನ ಸಸಿ ಅದರ ಒಡಹುಟ್ಟಿದ್ದು, ಅದೇ ದಿನ ಮಣ್ಣು ಕಂಡದ್ದು. ಅದು ನನ್ನ ಎತ್ತರ ದಾಟಿ ಗರಿ ಬಿಚ್ಚಿ ನಿಂತಿತ್ತು. ಅಬ್ಬಿಯ ಸಸಿ ತಮ್ಮನ ಎದೆಗೂ ಬರುತ್ತಿರಲಿಲ್ಲ. ಎಲೆಗಳು ಗಿಡ್ಡವಾಗಿ, ದಟ್ಟ ಮಂಕು ಬಣ್ಣಕ್ಕೆ ಹೋದವು. ಕೆಳಗಿನ ಎಲೆಯ ಅಂಚು ಪೆಟ್ಟು ಬಿದ್ದ ಚರ್ಮದ ಹಾಗೆ ನೇರಳೆಯಾಯಿತು. ನಡುವಿನ ಸುಳಿ ಕಡ್ಡಿಯಂತೆ ನಿಂತದ್ದು ನಿಂತೇ ಇತ್ತು. ನಾನು ನೀರು ಹಾಕಲು ಹೋದಾಗೆಲ್ಲ ಸುಳಿಯನ್ನು ಬೆರಳುಗಳ ನಡುವೆ ಹಿಡಿದು, ಪಕ್ಕದ ಎಲೆಯ ದಂಟಿನಲ್ಲಿ ಉಗುರಿನಿಂದ ಗೀರಿಟ್ಟ ಎಷ್ಟನೇ ಗೆರೆಗೆ ಬರುತ್ತದೆ ಎಂದು ನೋಡುತ್ತಿದ್ದೆ. ನಿನ್ನೆ ಬಂದಲ್ಲಿಗೇ ಬರುತ್ತಿತ್ತು.

ತಮ್ಮನೂ ಆ ವರ್ಷ ಸೊರಗಿದ. ಕೆಮ್ಮುತ್ತಿದ್ದ. ಉಣ್ಣಲು ಕೂತರೆ ಅನ್ನವನ್ನು ಬಟ್ಟಲಿನ ಅಂಚಿಗೆ ಒತ್ತಿ ಕೂರುತ್ತಿದ್ದ. ಬೇರೆ ಯಾವ ಮನೆಯಲ್ಲಾದರೂ ಅದು ಮಗುವಿನ ಕೆಮ್ಮು ಅಷ್ಟೇ. ನಮ್ಮ ಮನೆಯಲ್ಲಿ ಅವನು ಕೆಮ್ಮಿದ ಕೂಡಲೇ ಅಮ್ಮಮ್ಮ ಹಿಂಬಾಗಿಲಿಗೆ ಹೋಗಿ ಇಳಿಜಾರಿನ ಕಡೆ ನೋಡುತ್ತಿದ್ದಳು. ಬಾಯಿಬಿಟ್ಟು ಒಂದು ಮಾತೂ ಹೇಳುತ್ತಿರಲಿಲ್ಲ. ಹೇಳದೆ ಇದ್ದದ್ದರಿಂದಲೇ ನನಗೆ ಹೆಚ್ಚು ಭಯವಾಗುತ್ತಿತ್ತು. ಶಾಲೆಯಲ್ಲಿ ಕೂತಿದ್ದರೂ ನನ್ನ ಕಿವಿ ಮನೆಯ ಕಡೆ ಇರುತ್ತಿತ್ತು. ಯಾರಾದರೂ ಓಡಿಬರುವ ಕಾಲಿನ ಸದ್ದು ಕೇಳಿದರೆ ಅದು ನನ್ನನ್ನು ಕರೆಯಲು ಬಂದದ್ದೇ ಎಂದು ಬಳಪ ಕೆಳಗಿಟ್ಟು ಎದ್ದು ನಿಲ್ಲುತ್ತಿದ್ದೆ.

ಮಾವ ಒಮ್ಮೆ ಬ್ರಹ್ಮಾವರದಿಂದ ಸಣ್ಣ ಚೀಲದಲ್ಲಿ ಎಲುಬಿನ ಹುಡಿ ತಂದರು. ತೆಂಗಿಗೆ ಒಳ್ಳೆಯದೆಂದು ಅಲ್ಲಿ ಯಾರೋ ಹೇಳಿದ್ದರಂತೆ. ಅಮ್ಮಮ್ಮ ಚೀಲವನ್ನು ಮೂಸಿ ನೋಡಿದಳು.

"ಇದೆಂತ?"

"ಎಲುಬು. ಹುಡಿ ಮಾಡದ್ದ್."

"ಯಾರ್ದ್?"

"ಯಾರ್ದ್ ಅಂದ್ರೆ ನಾ ಹೆಸ್ರ್ ಕೇಣ್ಕಂಡ್ ಬತ್ತ್ನಾ ಅಬ್ಬಿ? ಯಾವ್ದೋ ದನದ್ದ್," ಎಂದರು ಮಾವ ತಮ್ಮ ಅಬ್ಬಿಗೆ.

ಅವಳು ಎರಡು ಬೆರಳಲ್ಲಿ ಚೀಲ ಎತ್ತಿ ಗದ್ದೆಯಂಚಿಗೆ ಎಸೆದು, ಬಂದು ಸ್ನಾನ ಮಾಡಿದಳು. ಆ ವಾರ ದೂಪೆಗೆ ಮತ್ತೊಂದು ಬುಟ್ಟಿ ಬೂದಿ, ಮತ್ತೊಂದು ಬುಟ್ಟಿ ಸುಡುಮಣ್ಣು ಬಿತ್ತು. ಸಸಿಯ ಬುಡ ಈಗ ಕಪ್ಪು ಹುಡಿಯಲ್ಲಿ ಹೂತು, ಒಂದು ಹುಲ್ಲಿನೆಸಳೂ ಇಲ್ಲದೆ ಸಾರಿಸಿದ ಅಂಗಳದ ಹಾಗಿತ್ತು.

"ಎಷ್ಟ್ ಹಾಕಿದ್ರೂ ಅದ್ಕೆ ಹಸಿವು ಹೋತಿಲ್ಲ," ಎಂದು ಮಾವ ಊಟಕ್ಕೆ ಕೂತಾಗ ಹೇಳಿದರು. "ಇಷ್ಟ್ ದಿನ ಕಾಯಿ ಒಳ್ಗೆ ಇದ್ದದ್ದ್ ತಿಂದ್ಕಂಡ್ ಬದ್ಕ್ತಿತ್ತ್. ಅದ್ ಮುಗೀತ್. ಇನ್ನ್ ಮಣ್ಣಿಂದ ತಿನ್ಕ್. ತಿಂಬುಕೆ ಗೊತ್ತಾತಿಲ್ಲ ಅದ್ಕೆ."

"ತಾಯಿ ಹಾಲ್ ಬಿಡ್ಸಿದ್ ಮಕ್ಳ್ ಹಾಂಗೆ," ಎಂದಳು ಅಮ್ಮಮ್ಮ.

"ಹೌದ್. ಹಾಂಗೇ."

ತಮ್ಮ ಬಟ್ಟಲಿನಿಂದ ತಲೆಯೆತ್ತಿ ಇಬ್ಬರನ್ನೂ ನೋಡಿದ್ದು ನನಗೆ ನೆನಪಿದೆ. ಆಗ ಅದಕ್ಕೆ ಅರ್ಥ ಕೊಡಲಿಲ್ಲ.

ಮುಂದಿನ ಮಳೆಗಾಲ ಶುರುವಾದ ಮೇಲೆ ಅಡುಗೆಮನೆಯ ಗೆರಟೆ ಸೌಟು ಕಾಣೆಯಾಯಿತು. ತೆಂಗಿನ ಗೆರಟೆಗೆ ಬಿದಿರಿನ ಹಿಡಿ ಸಿಕ್ಕಿಸಿದ ಸೌಟು, ಅಬ್ಬಿ ಗಂಜಿ ಬಡಿಸುತ್ತಿದ್ದದ್ದು. ಅಮ್ಮಮ್ಮ ಬೆಕ್ಕಿಗೆ ಬೈದಳು, ಕೆಲಸಕ್ಕೆ ಬರುವವರಿಗೆ ಬೈದಳು, ಕೊನೆಗೆ ನನಗೆ ಬೈದಳು. ತಮ್ಮನನ್ನು ಯಾರೂ ಕೇಳಲಿಲ್ಲ. ಅವನು ಮಧ್ಯಾಹ್ನ ಬಾವಿಕಟ್ಟೆಯ ಹತ್ತಿರ ಹಿರಿಯ ತೆಂಗಿನ ಬುಡದಲ್ಲಿ ಆಡುತ್ತಿರುತ್ತಾನೆ ಎಂದು ಎಲ್ಲರಿಗೂ ಗೊತ್ತಿತ್ತು. ಅಬ್ಬಿ ಪಾತ್ರೆ ತೊಳೆಯುವಾಗ ಅವನನ್ನು ಕೂರಿಸುತ್ತಿದ್ದ ಜಾಗ ಅದು.

ಒಂದು ದಿನ ನಾನು ಶಾಲೆಯಿಂದ ಬರುವಾಗ ಮಳೆ ಬಿಡದೆ ಹೊಡೆಯುತ್ತಿತ್ತು. ತಮ್ಮ ಮನೆಯಲ್ಲಿರಲಿಲ್ಲ. ಬಾವಿಕಟ್ಟೆಯಲ್ಲಿರಲಿಲ್ಲ. ನಾನು ಬಾವಿಯೊಳಗೆ ಬಗ್ಗಿ ನೋಡಿದ್ದು ನಿಜ. ಮೇಲೆ ಬಂದ ನೀರು, ಅದರಲ್ಲಿ ನನ್ನದೇ ತಲೆ, ಮಳೆಹನಿಗೆ ಒಡೆಯುತ್ತಿತ್ತು. ಅಲ್ಲಿಂದ ಎಲ್ಲಿಗೆ ಓಡಬೇಕು ಎಂದು ನನ್ನ ಕಾಲಿಗೇ ಗೊತ್ತಿತ್ತು.

ಅವನು ದೂಪೆಯ ಮೇಲೆ ಕುಕ್ಕುರುಗಾಲಲ್ಲಿ ಕೂತಿದ್ದ. ಮೈಮೇಲೆ ಒದ್ದೆ ಚಡ್ಡಿ ಬಿಟ್ಟು ಏನೂ ಇಲ್ಲ. ಕೈಯಲ್ಲಿ ಆ ಸೌಟು. ಸೌಟಿನಲ್ಲಿ ಕಪ್ಪು ಕೆಸರು, ಸಣ್ಣ ಬೇರು, ಕೊಳೆತ ಎಲೆ. ಅದನ್ನು ಸಸಿಯ ಸುತ್ತ ಬಡಿಸುತ್ತಿದ್ದ. ಬಡಿಸಿದ್ದು ಅಂದು ಮೊದಲಲ್ಲ. ಸುಡುಮಣ್ಣಿನ ಮೇಲೆ ಹಳೆಯ ಕೆಸರಿನ ಗಡ್ಡೆಗಳು ಸುತ್ತಲೂ ಇದ್ದವು. ಕೆಲವು ಬೂದಿಯೊಳಗೆ ಇಳಿದು ಹೋಗಿದ್ದವು. ಬೇಲಿಯ ಸೌದೆಯೊಂದನ್ನು ಸರಿಸಿ ನುಸುಳಲು ದಾರಿ ಮಾಡಿಕೊಂಡಿದ್ದ.

"ಎಂತ ಮಾಡ್ತಿದ್ದೆ ನೀ ಇಲ್ಲಿ?"

"ಊಟ ಹಾಕ್ತಿದ್ದೆ. ಇದ್ಕೆ ಹಸಿವು ಅಂಬ್ರಲೆ."

"ಯಾರ್ ಹೇಳಿರ್ ನಿಂಗೆ?"

"ಮಾವ. ಅಕ್ಕಾ, ಈ ಮಣ್ಣ್ ಅಬ್ಬಿ ಕೂಕಂಬ್ ಜಾಗದ್ದ್. ಅಬ್ಬಿಗ್ ಸೇರತ್ತ್."

ಅವನ ಹಲ್ಲು ಕಟಕಟ ಎನ್ನುತ್ತಿತ್ತು. ಎತ್ತಿಕೊಂಡಾಗ ಮಳೆಯಲ್ಲಿ ನೆನೆದ ಮೈ ಒಲೆಯ ಹಾಗೆ ಸುಡುತ್ತಿತ್ತು.

ಮನೆಗೆ ತಂದು ನಡೆದದ್ದನ್ನು ಹೇಳಿದೆ. ಅಮ್ಮಮ್ಮ ಅವನ ಕೈಯ ಸೌಟು ನೋಡಿದಳು, ಉಗುರಿನೊಳಗಿನ ಕೆಸರು ನೋಡಿದಳು. ಹೊಡೆಯುತ್ತಾಳೆ ಎಂದುಕೊಂಡೆ. ಅವಳು ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತಳು.

"ತುಳಿದ ಮಣ್ಣ್," ಎಂದಳು. "ಎಂಜಲ್ ನೀರ್ ಬಿದ್ದ ಮಣ್ಣ್. ಅದ್ರ ಬಾಯಿಗ್ ಹಾಕ್ದ್ಯಲ ಮಗಾ."

"ಅಬ್ಬಿ, ಮಾಣಿಗ್ ಜ್ವರ ಇತ್ತ್. ಮಣ್ಣಿನ್ ಸುದ್ದಿ ಕಡೀಗೆ," ಎಂದು ಮಾವ ಅವನನ್ನು ಕಂಬಳಿಯಲ್ಲಿ ಸುತ್ತಿದರು. ಮಾವನ ಬಾಯಲ್ಲಿ ತಮಾಷೆ ಇಲ್ಲದ್ದನ್ನು ನಾನು ಆಗ ಕಂಡೆ.

ಬೆಳಗಾಗುವಷ್ಟರಲ್ಲಿ ಅವನು ಕರೆದರೆ ಕಣ್ಣು ತೆರೆಯುತ್ತಿರಲಿಲ್ಲ. ಉಸಿರೆಳೆದಾಗ ಪಕ್ಕೆ ಒಳಗೆ ಹೋಗುತ್ತಿತ್ತು. ಶಂಕರನಾರಾಯಣದ ಕಡೆಯಿಂದ ಕುಂದಾಪುರಕ್ಕೆ ಹೋಗುವ ಬಸ್ಸು ಹಿಡಿಯಲು ಮಾವ ಅವನನ್ನು ಹೆಗಲಿಗೆ ಹಾಕಿಕೊಂಡು ಗದ್ದೆಯಂಚಿನಲ್ಲಿ ಓಡಿದರು. ಹಿಂದೆ ಅಮ್ಮಮ್ಮ, ಮಳೆಗೆ ತಲೆಯ ಮೇಲೆ ಹೊದೆಯುವ ಹಾಳೆಯ ಗೊರಬು ಹಿಡಿದುಕೊಂಡು. ಅಂಗಳ ದಾಟುವ ಮೊದಲು ಅವಳು ತಿರುಗಿ ನನಗೆ ಹೇಳಿದಳು:

"ಹೆಣೆ, ಗುದ್ದಲಿ ತಕಂಡ್ ಹೋಗ್. ಅವ ಹಾಕಿದ್ ಮಣ್ಣ್ ಎಲ್ಲ ಕೆರ್ಸಿ ತೆಗಿ. ಒಂಚೂರೂ ಬಿಡಬೇಡ. ಅದ್ರೊಳ್ಗೇ ಇಪ್ಪುದ್ ಮಾಣಿ ಜೀವ."

ಅವರು ಹೋದ ಮೇಲೆ ನಾನೊಬ್ಬಳೇ. ದನಗಳಿಗೆ ಹುಲ್ಲು ಹಾಕಿ, ಗುದ್ದಲಿ ಹಿಡಿದು ದೂಪೆಗೆ ಹೋದೆ. ಮಳೆ ಸ್ವಲ್ಪ ಬಿಟ್ಟಿತ್ತು. ಮೇಲಿನ ಗಡ್ಡೆಗಳು ಸುಲಭವಾಗಿ ಬಂದವು. ಅವುಗಳ ಅಡಿಯಲ್ಲಿ, ಮೊದಲು ಬಡಿಸಿದ ಕೆಸರು ಬೂದಿಯೊಂದಿಗೆ ಬೆರೆತಲ್ಲಿ, ಗುದ್ದಲಿಯ ಬಾಯಿ ಎಲ್ಲೋ ಸಿಕ್ಕಿಕೊಂಡಿತು. ಕೂತು ಕೈಯಿಂದ ಬಿಡಿಸಿ ನೋಡಿದೆ. ಸಸಿಯಿಂದ ಹೊರಟ ಹೊಸ ಬೇರುಗಳು ಆ ಕೆಸರಿನ ಗಡ್ಡೆಯನ್ನು ಹಿಡಿದುಕೊಂಡಿದ್ದವು. ಬೇರಿನ ಸುತ್ತ ಬಿಳಿ ನೂಲಿನಂಥದ್ದು, ಜೇಡನ ಬಲೆಗಿಂತ ಸಣ್ಣದು, ಮಣ್ಣಿನ ಕಣಗಳನ್ನು ಒಂದಕ್ಕೊಂದು ಕಟ್ಟಿತ್ತು. ಒಂದು ಎರೆಹುಳವೂ ಇತ್ತು.

ಎಳೆದರೆ ಬೇರು ಹರಿಯುತ್ತದೆ. ಬೇರು ಹರಿದರೆ ಸಸಿ ಸಾಯುತ್ತದೆ, ಸಸಿ ಸತ್ತರೆ ತಮ್ಮ. ಎಳೆಯದಿದ್ದರೆ ಅಮ್ಮಮ್ಮ ಹೇಳಿದ್ದು ನಡೆಯುತ್ತದೆ, ಆಗಲೂ ತಮ್ಮ. ಹನ್ನೆರಡು ಹದಿಮೂರು ವರ್ಷದ ಹುಡುಗಿ ನಾನು. ಕೆಸರಿನ ಗಡ್ಡೆಯನ್ನು ಹಿಡಿದುಕೊಂಡು ಎಷ್ಟು ಹೊತ್ತು ಕೂತಿದ್ದೆನೋ ತಿಳಿಯದು. ಈ ವಯಸ್ಸಿನ ತನಕ ಅನೇಕ ಹೆದರಿಕೆ ಕಂಡಿದ್ದೇನೆ. ಕೈಯಲ್ಲಿ ಹಿಡಿಯುವಂಥ ಹೆದರಿಕೆ ಅದೊಂದೇ. ಕೊನೆಗೆ ಆ ಗಡ್ಡೆಯನ್ನು ಇದ್ದಲ್ಲಿಯೇ ಒತ್ತಿ, ಮೇಲಿಂದ ತೆಗೆದದ್ದನ್ನೂ ತಂದು ಮುಚ್ಚಿದೆ. ಸರಿ ಎಂದು ತೋರಿ ಮಾಡಿದ್ದಲ್ಲ. ಕೈ ಎಳೆಯಲು ಒಪ್ಪಲಿಲ್ಲ.

ಕೆಳಮನೆಯ ದೊಡ್ಡಮ್ಮ ನನ್ನ ಜೊತೆಗಿರಲು ಬಂದಳು. ದಿನಾ ಗಂಜಿ ಮಾಡಿಕೊಟ್ಟಳು, ನನ್ನ ತಲೆ ಬಾಚಿದಳು. ಸಸಿಯ ಮಾತು ಎತ್ತಲಿಲ್ಲ. ಒಮ್ಮೆ ಮಾತ್ರ, ನಾನು ಕೇಳದಿದ್ದರೂ, ಒಲೆಯ ಕಡೆ ಮುಖ ಮಾಡಿಕೊಂಡು ಹೇಳಿದಳು:

"ನಾ ಎಲೆ ಹಾಕ್ಕಂಡ್ ಎಂತೆಂತದೋ ಮಾತಾಡ್ತೆ ಹೆಣೆ. ಎಲ್ಲ ಮನಸ್ಸಿಗ್ ಹಾಕಂಬುದಲ್ಲ."

ಕುಂದಾಪುರದಿಂದ ಸುದ್ದಿ ಬರಬೇಕಾದರೆ ಬಸ್ಸಿನವರು ಹೇಳಬೇಕು. ದಿನವೂ ರಸ್ತೆಗೆ ಹೋಗಿ ನಿಲ್ಲುತ್ತಿದ್ದೆ. ಬಸ್ಸು ನಿಲ್ಲದೆ ಹೋದರೆ ಒಳ್ಳೆಯದೋ ಕೆಟ್ಟದ್ದೋ ಗೊತ್ತಾಗುತ್ತಿರಲಿಲ್ಲ. ಹಿಂದೆ ಬಂದು ದೂಪೆಯ ಹತ್ತಿರ ಕೂರುತ್ತಿದ್ದೆ. ಅಲ್ಲಿ ಯಾರೂ ಕೀಳದ ಹುಲ್ಲು, ನಾಚಿಕೆಮುಳ್ಳಿನ ಗಿಡ, ಯಾವುದೋ ಅವರೆಯ ಜಾತಿಯ ಬಳ್ಳಿ ಎದ್ದಿದ್ದವು. ಕೆಸರಿನ ಜೊತೆ ಬೀಜವೂ ಬಂದಿರಬೇಕು. ನನಗೆ ಅವನ್ನು ಕೀಳಲೂ ಹೆದರಿಕೆ. ಮಣ್ಣನ್ನು ಮುಟ್ಟುವುದೆಂದರೆ ತಮ್ಮನ ಪಕ್ಕೆಯನ್ನು ಮುಟ್ಟಿದ ಹಾಗೆ ಅನ್ನಿಸುತ್ತಿತ್ತು.

ಒಂದು ಮಧ್ಯಾಹ್ನ ಬಸ್ಸು ನಿಂತಿತು. ಮೊದಲು ಗೊರಬು ಇಳಿಯಿತು, ಆಮೇಲೆ ಅಮ್ಮಮ್ಮ. ಅವಳ ಹಿಂದೆ ಮಾವನ ಹೆಗಲ ಮೇಲೆ ಕಂಬಳಿಯ ಗಂಟು. ಗಂಟು ಅಲುಗುತ್ತದೆಯೇ ಎಂದು ನೋಡಿದೆ. ಗಂಟಿನೊಳಗಿಂದ ಒಂದು ಕೈ ಹೊರಗೆ ಬಂದು, ಮಾವನ ಕಿವಿ ಹಿಡಿದು ಎಳೆಯಿತು.

"ಎದೆಗ್ ಥಂಡಿ ಇಳ್ದಿತ್ತಂಬ್ರ್," ಎಂದರು ಮಾವ. "ಸೂಜಿ ಚುಚ್ಚಿ ಚುಚ್ಚಿ ಜರಡಿ ಮಾಡಿರ್. ಈಗ ಗಂಜಿ ಹೊಯ್ದ್ರೆ ಕೆಳ್ಗ್ ಸೋರತ್ತೋ ಏನೋ."

ಅಮ್ಮಮ್ಮ ಮನೆಗೆ ಬಂದವಳು ಕಾಲು ತೊಳೆಯುವ ಮೊದಲೇ ಇಳಿಜಾರು ಹತ್ತಿದಳು. ನಾನು ಹಿಂದಿನಿಂದ ಹೋಗಿ, ಅವಳು ಕೇಳುವ ಮೊದಲೇ ಹೇಳಿದೆ: "ಅಮ್ಮಮ್ಮ, ನಾ ತೆಗೀಲಿಲ್ಲ. ಹೆದ್ರಿಕಿ ಆಯ್ತ್."

ಅವಳು ಹುಲ್ಲನ್ನು ಕೈಯಿಂದ ಸರಿಸಿದಳು. ಹುಲ್ಲಿನ ನಡುವೆ ಸಸಿ ಇತ್ತು. ಕಡ್ಡಿಯಂತಿದ್ದ ಸುಳಿ ಒಂದು ಬದಿಯಲ್ಲಿ ಸೀಳಿತ್ತು. ಅದರೊಳಗಿಂದ ಎಳೆ ಹಸಿರು, ಹಳದಿಗೆ ಹತ್ತಿರದ ಹಸಿರು, ಕಾಣುತ್ತಿತ್ತು. ಅಮ್ಮಮ್ಮ ಬಗ್ಗಿ ಅದನ್ನು ಮುಟ್ಟಲು ಹೋಗಿ ಕೈ ಹಿಂದೆಗೆದಳು.

"ಉಂಡಿತ್ತ್," ಎಂದಳು. "ಮಾಣಿ ಕೈಯಿಂದ ಉಂಡಿತ್ತ್. ಬಿಡ್."

ಆಮೇಲೆ ದೂಪೆಗೆ ಸುಡುಮಣ್ಣು ಹೋಗಲಿಲ್ಲ. ಪ್ರತಿ ಮಳೆಗಾಲದ ಮೊದಲಿಗೆ ಅವಳು ತಮ್ಮನ ಕೈಗೆ ಆ ಸೌಟು ಕೊಟ್ಟು ಬಾವಿಕಟ್ಟೆಯಿಂದ ಮಣ್ಣು ತರಿಸಿ ಹಾಕಿಸುತ್ತಿದ್ದಳು. ಸಸಿ ಹಟ್ಟಿಯ ಹಿಂದಿನ ಅಣ್ಣನನ್ನು ಹಿಡಿಯಲು ಬಹಳ ವರ್ಷ ಬೇಕಾಯಿತು, ಆದರೆ ಮರವಾಯಿತು. ನನ್ನ ಹೆದರಿಕೆ ಮಾತ್ರ ಪೂರ್ತಿ ಹೋಗಲಿಲ್ಲ. ಗಾಳಿಗೆ ಮರದ ಒಂದು ಗರಿ ಬಿದ್ದರೂ ತಮ್ಮ ಎಲ್ಲಿದ್ದಾನೆ ಎಂದು ನೋಡುತ್ತಿದ್ದೆ. ಮದುವೆಯಾಗಿ ಕಡಲತಡಿಯ ತ್ರಾಸಿ ಊರಿಗೆ ಹೋದ ಮೇಲೂ, ಸಮುದ್ರದ ಗಾಳಿ ಜೋರಾದ ದಿನ ಆ ಮರದ ಚಿಂತೆಯಾಗುತ್ತಿತ್ತು.

ತಮ್ಮ ಎಪ್ಪತ್ತನೇ ಇಸವಿಯ ನಂತರ ಕುಂದಾಪುರದಲ್ಲಿ ಕಾಲೇಜಿಗೆ ಹೋದ. ಸಸ್ಯಗಳ ವಿಷಯ ಓದುತ್ತಿದ್ದ. ಒಂದು ರಜೆಯಲ್ಲಿ ನಾನೂ ತವರಿಗೆ ಬಂದಿದ್ದೆ. ಹಿಂದಿನ ಇಳಿಜಾರಿನಿಂದ ಅಮ್ಮಮ್ಮನ ಕೂಗು ಕೇಳಿ ಓಡಿದೆ. ಅವಳಿಗೆ ಆಗ ಕಣ್ಣು ಅಷ್ಟಾಗಿ ಕಾಣುತ್ತಿರಲಿಲ್ಲ, ಆದರೆ ಕತ್ತಿಯ ಸದ್ದು ಕೇಳಿಸಿತ್ತು. ತಮ್ಮ ಅಬ್ಬಿಯ ಮರದ ಬುಡ ಬಿಡಿಸಿ, ಕೂದಲಿನಂಥ ಬೇರುಗಳನ್ನು ಕತ್ತರಿಸಿ ಬಾಟಲಿಗೆ ತುಂಬುತ್ತಿದ್ದ.

"ಅಬ್ಬಿ ಬೇರ್ ಕಡೀತ್ಯಾ? ನಿಂಗ್ ಮಂಡೆ ಸಮ ಇತ್ತಾ?"

"ನಾಲ್ಕ್ ಎಳೆ ಅಮ್ಮಮ್ಮ. ಮರಕ್ಕ್ ಗೊತ್ತೂ ಆತಿಲ್ಲ. ನಮ್ ಮೇಷ್ಟ್ರ್ ಇದ್ನ ಬಣ್ಣ ಹಾಕಿ ಸೂಕ್ಷ್ಮದರ್ಶಕದಗೆ ಕಾಣ್ಸ್ತ್ರ್. ಇದ್ರ ಒಳ್ಗೆ ಅಣಬೆ ಇರತ್ತಂಬ್ರ್."

"ಅಣಬೆಯಾ? ಪಲ್ಯ ಮಾಡುಕೆ ಆತಾ?"

"ಆ ಅಣಬೆ ಅಲ್ಲ ಮಾರಾಯ್ತಿ. ಕಣ್ಣಿಗ್ ಕಾಂತಿಲ್ಲ. ನೂಲಿನ್ ಹಾಂಗೆ."

ನಾನು ಬಾಟಲಿಯನ್ನು ಕೈಗೆ ತೆಗೆದುಕೊಂಡು ಕೇಳಿದೆ, ಅದು ಅಲ್ಲಿ ಏನು ಮಾಡುತ್ತದೆ ಎಂದು. ಅವನು ಮಣ್ಣಿನ ಮೇಲೆಯೇ ಕೂತು, ತನಗೆ ತಿಳಿದಷ್ಟನ್ನು ಹೇಳಿದ. ಗಿಡಕ್ಕೆ ರಂಜಕ ಎಂಬುದೊಂದು ಬೇಕು. ಪೇಟೆಯವರು ಫಾಸ್ಫರಸ್ ಎನ್ನುವುದು ಅದನ್ನೇ. ಅದು ಬೂದಿಯಲ್ಲಿದೆ, ಎಲುಬಿನಲ್ಲಿದೆ, ಈ ಕೆಂಪು ಮಣ್ಣಿನಲ್ಲೂ ಇದೆ. ಆದರೆ ಕೆಂಪು ಮಣ್ಣಿನ ಕಬ್ಬಿಣ ಅದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ನೀರಿನ ಜೊತೆ ನಡೆದು ಬೇರಿನ ಬಳಿಗೆ ಬರುವ ಗುಣವೂ ಅದಕ್ಕೆ ಕಡಿಮೆ. ಬೇರು ತನ್ನ ಸುತ್ತಲಿನ ಒಂದಿಷ್ಟನ್ನು ತಿಂದು ಮುಗಿಸಿದರೆ, ಬೆರಳಗಲದ ಆಚೆ ರಾಶಿ ಇದ್ದರೂ ಉಪವಾಸ. ಮಣ್ಣಿನ ಕೆಲವು ಬ್ಯಾಕ್ಟೀರಿಯಾಗಳು ಹುಳಿಯಂಥದ್ದನ್ನು ಬಿಟ್ಟು ಆ ಹಿಡಿತವನ್ನು ಸಡಿಲಿಸುತ್ತವೆ. ಅಣಬೆಯ ಎಳೆಗಳು ಬೇರಿನೊಳಗೆ ಒಂದು ತುದಿ ಇಟ್ಟು, ಇನ್ನೊಂದು ತುದಿಯನ್ನು ಬೇರು ಹೋಗಲಾರದ ಸಂದಿಗೆ ಚಾಚಿ, ಅಲ್ಲಿಂದ ತಂದು ಕೊಡುತ್ತವೆ. ಗಿಡ ಅವಕ್ಕೆ ತನ್ನ ಸಕ್ಕರೆ ಕೊಡುತ್ತದೆ.

"ಬೆಂಕಿ ಹಾಕ್ದ್ರೆ?" ಎಂದು ಕೇಳಿದೆ.

"ಎಲ್ಲ ಸತ್ತ್ ಹೋತ್ತ್. ಸುತ್ತ ಮುತ್ತ ಗಿಡ ಇದ್ರೆ ನಿಧಾನಕ್ಕ್ ಹಿಂದ್ ಬತ್ತ್. ಒಂದ್ ಗಿಡವೂ ಇಲ್ದೆ ಬೋಳ್ ಮಾಡಿ ಇಟ್ರೆ ಬಪ್ಪುಕೆ ತಡ ಆತ್ತ್."

ಸಸಿಮಡಿಗೆ ಹಾಕಿದ ಸುಡುಮಣ್ಣು ಜೀವವಿರುವ ಮಣ್ಣಿನೊಂದಿಗೆ ಬೆರೆಯುತ್ತಿತ್ತು. ಇಲ್ಲಿ ಸುಟ್ಟದ್ದರ ಮೇಲೆ ಸುಟ್ಟದ್ದು. ಅಮ್ಮಮ್ಮ ಕೊಟ್ಟದ್ದು ಊಟವೇ. ಅದನ್ನು ಬಾಯಿಗೆ ಮುಟ್ಟಿಸುವ ಕೈ ಅಲ್ಲಿರಲಿಲ್ಲ. ನಾನು ಅಷ್ಟನ್ನು ಅರ್ಥ ಮಾಡಿಕೊಂಡು, ಅವನಿಗೆ ಆ ಸೌಟಿನ ಸಂಗತಿ ಹೇಳಿದೆ. ಅವನಿಗೆ ನೆನಪೇ ಇರಲಿಲ್ಲ. ಪ್ರತಿ ವರ್ಷ ಅಮ್ಮಮ್ಮ ಮಣ್ಣು ಹಾಕಿಸುವುದು ಗೊತ್ತಿತ್ತು. ಅದರ ಮೊದಲು ಏನಾಗಿತ್ತೆಂದು ಗೊತ್ತಿರಲಿಲ್ಲ. ನಾನು ಆ ದಿನ ಕಂಡ ಬಿಳಿ ನೂಲಿನ ಬಗ್ಗೆ ಹೇಳಿದಾಗ ಅವನು ತಲೆಯಾಡಿಸಿದ.

"ಅದ್ ಬೇರೆ ಬೂಷ್ಟ್ ಇರ್ಕ್ ಅಕ್ಕ, ಎಲೆ ಕೊಳ್ಸುದ್. ಇದ್ ಕಾಂತಿಲ್ಲ. ನಾ ಹಾಕಿದ್ ಮಣ್ಣಿಂದ್ಲೇ ಆಯ್ತ್ ಅಂದೂ ಹೇಳುಕೆ ಆತಿಲ್ಲ. ನೀ ಕೀಳದೆ ಬಿಟ್ಟ್ ಹುಲ್ಲಿಂದ್ಲೂ ಆಯ್ಕ್."

ಅಮ್ಮಮ್ಮ ಇಷ್ಟು ಹೊತ್ತು ಮರಕ್ಕೆ ಕೈಯೂರಿ ನಿಂತು ಕೇಳುತ್ತಿದ್ದಳು.

"ಆ ಎಲುಬ್ ಅಂದ್ಯಲ," ಎಂದಳು. "ಆಯ್ದ್ ಬಿಟ್ಟದ್ದ್ ಬಿಟ್ಟ್, ಉಳ್ದದ್ದ್ ಈ ಮರದ ಒಳ್ಗೆ ಇತ್ತಾ?"

ತಮ್ಮ ನನ್ನ ಮುಖ ನೋಡಿದ. ಪುಸ್ತಕದ ಮಾತಿಗೆ ಪುಸ್ತಕದಲ್ಲಿ ಉತ್ತರವಿತ್ತು, ಅದನ್ನು ಅವನು ಬದಿಗಿಟ್ಟ. ಬಾಟಲಿಯ ಬಿರಡೆ ತೆಗೆದು, ಬೇರುಗಳನ್ನೆಲ್ಲ ಹಿಂದೆ ಬುಡಕ್ಕೆ ಸುರಿದು, ಒಂದೇ ಒಂದನ್ನು ಇಟ್ಟುಕೊಂಡ. "ಇತ್ತ್ ಅಮ್ಮಮ್ಮ, ಈಗ್ಳೂ ಇತ್ತ್," ಎಂದ.

ಆ ತಮ್ಮ ಹೋಗಿ ಈಗ ಎರಡು ಮಳೆಗಾಲ, ಆಗಿನಿಂದ ನಾನೂ ತವರಿನಲ್ಲೇ ಇದ್ದೇನೆ. ಅವನನ್ನೂ ಅದೇ ಇಳಿಜಾರಿನಲ್ಲಿ, ಅಬ್ಬಿಯ ಮರದಿಂದ ಸ್ವಲ್ಪ ಮೇಲೆ ಸುಟ್ಟರು. ಅಬ್ಬಿಯ ಮರದ ಕಾಯಿಯ ಸಸಿಯನ್ನೇ ನೆಟ್ಟರು. ಹಂಚಿನ ಬಣ್ಣದ ಮಣ್ಣು, ಅದೇ ಸದ್ದು. ಗುಂಡಿ ಮುಚ್ಚುವ ಮೊದಲು ನಾನು ಅಬ್ಬಿಯ ಮರದ ಬುಡದಿಂದ ಒಂದು ಬುಟ್ಟಿ ಮಣ್ಣು ತಂದು ಸುರಿದೆ. ಬೇಡ ಎನ್ನಲು ಅಮ್ಮಮ್ಮ ಇಲ್ಲ. ಇದ್ದಿದ್ದರೂ ಎನ್ನುತ್ತಿರಲಿಲ್ಲ. ಸುತ್ತ ಹುಲ್ಲು ಬಂದರೆ ಕೀಳಬೇಡಿ ಎಂದು ಎಲ್ಲರಿಗೂ ಹೇಳಿದ್ದೇನೆ.

ಅಂದಿನವರಲ್ಲಿ ಉಳಿದವಳು ನಾನೊಬ್ಬಳೇ, ಇನ್ನು ಕರೆಯುವುದಿದ್ದರೆ ನನ್ನನ್ನೇ. ಅದಕ್ಕೆ ನನಗೆ ಹೆದರಿಕೆಯಿಲ್ಲ. ಅವನು ಹೇಳಿದ್ದೆಲ್ಲ ನನಗೆ ಗೊತ್ತು. ಬೇರು, ನೂಲು, ರಂಜಕ. ಗೊತ್ತಿದ್ದರೂ ಕಾಯಿಯೊಳಗಿನದು ಮುಗಿದು ಸಸಿ ಮಣ್ಣಿನಿಂದ ಉಣ್ಣಬೇಕಾದ ಈ ದಿನಗಳಲ್ಲಿ ಬೆಳಕು ಹರಿಯುವ ಮೊದಲೇ ಎದ್ದು ಕೂರುತ್ತೇನೆ. ಬೆಳಿಗ್ಗೆ ಹೋಗಿ ಸುಳಿಯನ್ನು ಬೆರಳಲ್ಲಿ ಹಿಡಿದು ಉಗುರಿನ ಗೆರೆ ನೋಡುತ್ತೇನೆ. ಒಂದು ದಿನ ಸ್ವಲ್ಪ ಮೇಲೆ ಬಂದಂತೆ ಕಾಣುತ್ತದೆ, ಮರುದಿನ ಹಾಗೆ ಕಾಣುವುದಿಲ್ಲ. ಆ ದಿನ ಗೆರಟೆ ಹಿಡಿದುಕೊಂಡು ಮಣ್ಣು ತರಲು ಅಬ್ಬಿಯ ಮರದ ಬುಡಕ್ಕೆ ಇಳಿಯುತ್ತೇನೆ.